ಹೊನವಾಡ ಬಸ್ಸಿನ ಹಾರ್ನು

ಹೊನವಾಡ
೧೩ ಜನವರಿ ೨೦೨೫, ಸೋಮವಾರ

ಪ್ರೀತಿಯ ರಾಜಾರಾಮಣ್ಣನಿಗೆ,

ನಿನ್ನ ತಂಗಿ ಸುಮಂಗಲಾಳ ನಮಸ್ಕಾರ. ಹೇಗಿದ್ದೀಯ ಅಣ್ಣಾ? ಅಲ್ಲಿಯ ಚಳಿಗೆ ತುಟಿ ಒಡೆಯುತ್ತವೆ ಎಂದು ಬರೆದಿದ್ದೆ. ಅವ್ವ ಕಟ್ಟಿಕೊಟ್ಟ ತುಪ್ಪ ಹಚ್ಚಿಕೊಳ್ಳುತ್ತೀಯೋ, ಇಲ್ಲ ಪಲ್ಟನ್ನಿನ ಗೆಳೆಯರ ಜೊತೆ ರೊಟ್ಟಿಗೆ ಸವರಿ ಮುಗಿಸಿದೆಯೋ? ನೀನಿರುವ ಬೆಟ್ಟದ ಮೇಲೆ ಫೋನ್ ಹತ್ತುವುದಿಲ್ಲ ಎಂದು ಎಷ್ಟು ಹೇಳಿದರೂ ಅಪ್ಪ ದಿನಾ ಸಂಜೆ ನಿನ್ನ ನಂಬರ್ ಒತ್ತಿ ಕಿವಿಗೆ ಹಿಡಿಯುತ್ತಿದ್ದ. ಮೂರು ದಿನದಿಂದ ಅದನ್ನೂ ಬಿಟ್ಟಿದ್ದಾನೆ. ಹೊಲದಲ್ಲಿ ಜೋಳ ತೆನೆ ಕಟ್ಟಿದೆ, ಮೊನ್ನೆ ಹಸಿ ತೆನೆ ಸುಟ್ಟು ಸೀತನಿ ಮಾಡಿದೆವು. ನಿನ್ನ ಪಾಲಿನದನ್ನೂ ನಾನೇ ತಿಂದೆ, ರುಚಿ ಮಾತ್ರ ಹತ್ತಲಿಲ್ಲ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಮ್ಮ ತಂಡ ಮುಗಿಯಿತು. ಈ ವರ್ಷ ಒಂದು ಪಂದ್ಯವನ್ನಾದರೂ ಗೆಲ್ಲದಿದ್ದರೆ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡವೇ ಇರುವುದಿಲ್ಲ ಎಂದು ಪ್ರಾಚಾರ್ಯರು ಮೊದಲೇ ಹೇಳಿದ್ದರು. ನಾಲ್ಕು ಆಡಿದೆವು, ಒಂದನ್ನೂ ಗೆಲ್ಲಲಿಲ್ಲ. ಶನಿವಾರ ನಮಗೆ ಆಟ ಕಲಿಸುವ ಸೈಫುದ್ದೀನ ಸರ್ ಬಲೆ ಬಿಚ್ಚಿಸಿ ಮಡಚಿ ಕೋಣೆಯಲ್ಲಿ ಇಡಿಸಿದರು. ಎರಡು ಕಂಬಗಳ ನಡುವೆ ಈಗ ಕಾಲೇಜಿನ ಆಕಳು ಮೇಯುತ್ತಿದೆ. ಅದನ್ನು ನೋಡುತ್ತ ನಿಂತಾಗ ನಾನು ಇನ್ನು ಯಾಕೆ ವಿಜಯಪುರಕ್ಕೆ ಹೋಗಬೇಕು ಎನ್ನಿಸಿತು.

ಅಪ್ಪನ ಕರಾರು ನಿನಗೆ ನೆನಪಿರಬೇಕು. ನನ್ನನ್ನು ಆಡಲು ಬಿಡು ಎಂದು ನೀನು ಗಂಟುಬಿದ್ದಾಗ, "ಆಡ್ಲಿ. ಆದ್ರ ಐದೂವರಿ ಬಸ್ಸಿಗೆ ಮನೀಗೆ ಬರಬೇಕು" ಅಂದಿದ್ದ. ನಮ್ಮ ಓಣಿಯ ನಜಮಾ ಚಾಚಿಯೂ ಅದೇ ಮಾತಿನ ಮೇಲೆ ಮಗಳು ರುಕ್ಸಾರಳನ್ನು ಕಳಿಸಿದಳು. ಆ ಬಸ್ಸು ಬಿಟ್ಟರೆ ಮುಂದಿನದು ಕತ್ತಲಾದ ಮೇಲೆ. ಆಟ ಶುರುವಾಗುವುದೇ ನಾಲ್ಕು ದಾಟಿ. ಮೈದಾನ ನಮ್ಮೂರಿಗೆ ಬರುವ ಅಥಣಿ ರಸ್ತೆಗೇ ಹತ್ತಿಕೊಂಡಿರುವುದರಿಂದ ಕಂಡಕ್ಟರ್ ಗುರಣ್ಣ ಒಂದು ಉಪಕಾರ ಮಾಡುತ್ತಿದ್ದ. ತಿರುವಿನಲ್ಲೇ ಹಾರ್ನ್ ಹೊಡೆಸುತ್ತಿದ್ದ. ಹಾರ್ನ್ ಕೇಳಿದ ಕೂಡಲೇ ಗೋಲಿನಲ್ಲಿ ನಿಂತ ನಾನು, ನನ್ನ ಮುಂದೆ ಕಾಯುವ ರುಕ್ಸಾರ, ಇಬ್ಬರೂ ಆಟ ಬಿಟ್ಟು ಚೀಲ ಎತ್ತಿಕೊಂಡು ರಸ್ತೆಗೆ ಓಡಬೇಕು. ನನ್ನ ಜಾಗಕ್ಕೆ ಬರುತ್ತಿದ್ದ ತರನ್ನುಮ ಬಹಳ ಒಳ್ಳೆಯ ಹುಡುಗಿ, ಚೆಂಡು ಬಂದಾಗ ಕಣ್ಣು ಮುಚ್ಚುತ್ತಾಳೆ ಅಷ್ಟೇ. ನಾವು ಹೊರಡುವಾಗ ಒಂದು ಸಲವೂ ಸೋತಿರಲಿಲ್ಲ. ಬಸ್ಸು ತಿಕೋಟಾ ಮುಟ್ಟುವಷ್ಟರಲ್ಲಿ ಸೋತ ಸುದ್ದಿ ಫೋನಿಗೆ ಬಂದಿರುತ್ತಿತ್ತು. ಮೂರು ಪಂದ್ಯ ಹೀಗೆಯೇ ಹೋದವು.

ಕೊನೆಯದು ಶುಕ್ರವಾರ, ಬಬಲೇಶ್ವರದ ಕಾಲೇಜಿನವರ ಜೊತೆ. ಅವತ್ತು ಬಸ್ಸು ಹೋದರೆ ಹೋಗಲಿ, ಪೂರ್ತಿ ಆಡಿಯೇ ಬರುವುದು ಎಂದು ರುಕ್ಸಾರ ಮತ್ತು ನಾನು ಕೈಮೇಲೆ ಕೈ ಹಾಕಿ ಮಾತು ಕೊಟ್ಟುಕೊಂಡೆವು. ಹಿಂದಿನ ರಾತ್ರಿ ಅವ್ವನಿಗೆ ಮಾತ್ರ ಹೇಳಿದ್ದೆ. ಅಣ್ಣಾ, ಎಂಥ ಆಟ ಆಡಿದೆವು ಗೊತ್ತೇ. ಒಂದು ಗೋಲು ಹೊಡೆದು ಮುಂದಿದ್ದೆವು. ನೀನು ಕಲಿಸಿದ ಹಾಗೆ ಚೆಂಡನ್ನು ನೋಡದೆ ಒದೆಯುವವರ ಸೊಂಟ ನೋಡುತ್ತ ಎರಡು ಸಲ ತಡೆದೆ. ಸೈಫುದ್ದೀನ ಸರ್ ಗೆರೆಯಾಚೆ ಕುಂತಲ್ಲಿ ಕೂರಲಾರದೆ ಓಡಾಡುತ್ತಿದ್ದರು.

ಆಗ ಹಾರ್ನ್ ಕೇಳಿಸಿತು.

ರುಕ್ಸಾರ ರಸ್ತೆಗೆ ಬೆನ್ನು ಮಾಡಿ ನಿಂತಿದ್ದಳು. ಚೆಂಡು ಅವಳ ಕಾಲ ಬಳಿಯೇ ಇತ್ತು. ಅದನ್ನು ಅಲ್ಲೇ ಬಿಟ್ಟು ಚೀಲದ ಕಡೆ ಓಡಿದಳು. ವರ್ಷವಿಡೀ ಓಡಿದ ಕಾಲು, ಕೊಟ್ಟ ಮಾತು ಅದಕ್ಕೆ ತಿಳಿಯಲಿಲ್ಲ. ನನ್ನ ಕಾಲೂ ಒಂದು ಹೆಜ್ಜೆ ಎದ್ದಿತ್ತು. ಬಬಲೇಶ್ವರದ ಹುಡುಗಿ ಬಂದು, ಬಿದ್ದ ಚೆಂಡನ್ನು ನನ್ನ ಪಕ್ಕದಿಂದ ಒಳಗೆ ತಳ್ಳಿದಳು. ಸಮ ಆಯಿತು, ಸಮವಾಗಿಯೇ ಮುಗಿಯಿತು. ಸೋಲಲಿಲ್ಲ, ನಮಗೆ ಬೇಕಾದ ಗೆಲುವೂ ಸಿಗಲಿಲ್ಲ.

ಆಟ ಮುಗಿದು ನೋಡಿದರೆ ಬಸ್ಸು ಇನ್ನೂ ನಿಂತೇ ಇತ್ತು. ಹತ್ತಿದೆವು. ಯಾಕೆ ನಿಂತಿದೆ ಎಂದು ಕೇಳುವಷ್ಟು ಧ್ಯಾಸ ನಮಗಿರಲಿಲ್ಲ. ಮಂದಿ ಎದ್ದು ಜಾಗ ಕೊಟ್ಟರು. ರುಕ್ಸಾರ ಚೀಲ ಅಪ್ಪಿಕೊಂಡು ಹೊನವಾಡದವರೆಗೆ ಬಿಕ್ಕಿದಳು. ಅಂದಿನಿಂದ ಕಾಲೇಜಿಗೆ ಬಂದಿಲ್ಲ, ನಾನು ಹೋದರೆ ಬಾಗಿಲಿಗೂ ಬರುವುದಿಲ್ಲ. "ಆಕಿ ನಿನ್ನ ಮಾರಿ ಹೆಂಗ ನೋಡ್ತಾಳವಾ?" ಎಂದು ನಜಮಾ ಚಾಚಿ ನನ್ನನ್ನೇ ಕೇಳಿದಳು.

ಆ ಸಂಜೆ ಊರ ಸ್ಟ್ಯಾಂಡಿನಲ್ಲಿ ಅಪ್ಪ ಕಾಯುತ್ತಿದ್ದ. ಆಟದ ಸುದ್ದಿ ಕೇಳುವುದು ಬಿಟ್ಟು, "ಬಸ್ಸು ನಿಂತಿತ್ತಿಲ್ಲೋ?" ಎಂದ. ಇಷ್ಟಾದರೂ ಇವನಿಗೆ ಬಸ್ಸಿನದೇ ಚಿಂತೆ ಎಂದು ನನಗೆ ನೆತ್ತಿಗೇರಿತು. "ನಿಂತಿತ್ತು. ನಿನ್ನ ಬಸ್ಸಿನ ಹಾರ್ನ್ ಕೇಳೇ ನಾವು ಹಾಳಾದ್ವಿ" ಅಂದೆ. ಅವನು ನನ್ನ ಚೀಲ ತೆಗೆದುಕೊಂಡು ಮುಂದೆ ನಡೆದ.

ನೀನು ಬರುವಾಗ ನನಗೆ ಗೋಲು ಕಾಯುವ ಕೈಗವಸು ತರುವುದು ಬೇಡ. ಮೈ ಬೆಚ್ಚಗೆ ಇಟ್ಟುಕೋ. ಅವ್ವ ನಿನ್ನ ಹೆಸರಿನಲ್ಲಿ ದಿನಾ ದೀಪ ಹಚ್ಚುತ್ತಾಳೆ, ಅವಳ ಆಶೀರ್ವಾದ ಇದರೊಳಗೆ ಇಟ್ಟಿದ್ದೇನೆ.

ನಿನ್ನ ತಂಗಿ,
ಸುಮಂಗಲಾ

ತಾ.ಕ.: ಕಾಗದ ಟಪಾಲಿಗೆ ಹಾಕಲು ಬಂದವಳಿಗೆ ಸ್ಟ್ಯಾಂಡಿನಲ್ಲಿ ಗುರಣ್ಣ ಸಿಕ್ಕ. ಅವಸರದಲ್ಲಿ ನಿಂತೇ ಬರೆಯುತ್ತಿದ್ದೇನೆ. ನಾವು ಪೂರ್ತಿ ಆಡಿ ಬರುವ ವಿಷಯ ಅವ್ವ ಅಪ್ಪನಿಗೆ ಹೇಳಿಬಿಟ್ಟಿದ್ದಳಂತೆ. "ನಿಮ್ಮಪ್ಪ ಶುಕ್ರವಾರ ಮುಂಜಾನೆ ಬಂದು ಕೈ ಮುಗದಾ. ಹುಡುಗ್ಯಾರು ಇವತ್ತ ಆಟ ಮುಗಿಸೇ ಬರ್ಲಿ, ತುಸು ಗಾಡಿ ನಿಂದ್ರಸಪಾ ಅಂದಾ. ಗಾಡ್ಯಾಗಿನ ಮಂದಿನೂ ಹೂಂ ಅಂದ್ರು. ನಾವು ಬಂದು ನಿಂತೀವಿ, ಅವಸರ ಬ್ಯಾಡ ಅಂತ ನಿಮಗ ತಿಳೀಲಿ ಅಂತ ಹಾರ್ನ್ ಹೊಡಸಿದ್ನಿ" ಎಂದ. ರುಕ್ಸಾರಳಿಗೆ ಇದು ಗೊತ್ತಾಗುವುದು ಬೇಡ. ಆದರೆ ಅಪ್ಪನಿಗೆ ನೀನು ಎರಡು ಸಾಲು ಬರೆ ಅಣ್ಣಾ. ಬಸ್ಸು ನಿಲ್ಲಿಸಿದ್ದು ಒಳ್ಳೆಯದೇ ಮಾಡಿದಿ ಎಂದು ಬರೆ. ಶುಕ್ರವಾರದಿಂದ ಅವನು ಸರಿಯಾಗಿ ಉಂಡಿಲ್ಲ, ನನಗೆ ಅವನ ಎದುರು ಬಾಯಿ ಬರುತ್ತಿಲ್ಲ.