ನೀರುಗೆರೆಯಲ್ಲಿ ಅರೆದ ಹೊಸ ಅಕ್ಕಿ

ಕೆಂಗುಂಡಿ, ಅಧಿಕ ಸೆಪ್ಟೆಂಬರ್ ಹತ್ತೊಂಬತ್ತು, 2231

ಕಡಲು ಇನ್ನೂ ತನ್ನ ಜಾಗದಲ್ಲಿರುವ ಕಾಲದ ಹಿರಿಯರಿಗೆ,

ಈ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಮಳೆಗಾಲ ಮುಂದಕ್ಕೆ ಹೋಗಿ ಭತ್ತ ತಡವಾಗಿ ಮಾಗತೊಡಗಿದ ಮೇಲೆ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬದ ದಿನ, ಸೆಪ್ಟೆಂಬರ್ ಎಂಟಕ್ಕೆ, ಗದ್ದೆಯಲ್ಲಿ ತೆನೆಯೇ ಇರುತ್ತಿರಲಿಲ್ಲ. ತೆನೆಯಿಲ್ಲದೆ ತೆನೆಹಬ್ಬ ಮಾಡುವುದು ಹೇಗೆ? ಅದಕ್ಕೇ ಬಿಷಪರು ಅಧಿಕ ಮಾಸದ ಹಾಗೆ ಇನ್ನೊಂದು ಸೆಪ್ಟೆಂಬರ್ ಸೇರಿಸಿಬಿಟ್ಟರು. ನಾನು ಶಾಲೆ ಬಿಟ್ಟವನು. ಬಡತನದಿಂದಲ್ಲ, ಕೂತಲ್ಲಿ ಕೂರಲಾಗದೆ. ನನ್ನ ಮಾತು ವಿಚಿತ್ರವೆನಿಸಿದರೆ ಅದರಲ್ಲಿ ಕಾಲದ ತಪ್ಪೆಷ್ಟು, ನನ್ನದೆಷ್ಟು ಎಂದು ನೀವೇ ತೂಗಿ ಕ್ಷಮಿಸಿ. ನನ್ನ ಹೆಸರು ಬೊನವೆಂಚರ್.

ನಿಮ್ಮ ಕಾಲದವರು ಅದಿರು ತೆಗೆದು ಬಿಟ್ಟುಹೋದ ಗಣಿಗುಂಡಿಯೊಳಗೆ ನಮ್ಮ ಊರಿದೆ. ಲಾರಿಗಳು ಸುತ್ತಿ ಸುತ್ತಿ ಇಳಿಯುತ್ತಿದ್ದವಂತಲ್ಲ, ಆ ಮೆಟ್ಟಿಲುಗಳೇ ಈಗ ನಮ್ಮ ಗದ್ದೆಗಳು. ತಳದಲ್ಲಿ ಕೆಂಪು ನೀರಿನ ಕೆರೆ, ಅದರ ದಡದಲ್ಲಿ ಇಗರ್ಜಿ, ಎಂದರೆ ನಮ್ಮ ಚರ್ಚು. ಬೆಳಿಗ್ಗೆ ಗಂಟೆ ಬಾರಿಸಿದರೆ ಸದ್ದು ಗೋಡೆಯಿಂದ ಗೋಡೆಗೆ ಏರುತ್ತಾ ಏರುತ್ತಾ ಕೊನೆಗೆ ಆಕಾಶಕ್ಕೆ ಬಿದ್ದುಹೋಗುತ್ತದೆ. ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕರಾವಳಿ ಮುಳುಗಿದಾಗ ಘಟ್ಟ ಹತ್ತಿ ಬಂದವರನ್ನು ನಾವು ಏರಿದವರು ಎನ್ನುತ್ತೇವೆ. ಅಪ್ಪನ ಮುತ್ತಜ್ಜನೂ ಹಾಗೆ ಬಂದವನೇ. ಆಗ ಬಂದವರಿಗೆ ನೆಲೆ ಸಿಕ್ಕಿತು. ಆಮೇಲೆ ಘಟ್ಟದ ಬುಡದುದ್ದಕ್ಕೂ ಬೇಲಿ ಬಂತು. ಅದಕ್ಕೆ ನೀರುಗೆರೆ ಎಂದು ಹೆಸರು. ತಡವಾಗಿ ಏರಿದವರನ್ನು ಹುಡುಕಿ ಹಿಡಿದು ಅದರಾಚೆಯ ತೇಲುಕೇರಿಗೆ, ಎಂದರೆ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಮಾಡಿದ ಊರಿಗೆ, ಕಳಿಸುತ್ತಾರೆ. ಇದಕ್ಕೆ ನಮ್ಮಲ್ಲಿ ಇಳಿಸುವುದು ಎನ್ನುತ್ತಾರೆ, ಬಸ್ಸಿನಿಂದ ಇಳಿಸಿದಷ್ಟೇ ಸಲೀಸಾಗಿ. ನನ್ನ ಅಮ್ಮ ಸೆವ್ರಿನ್ ತಡವಾಗಿ ಏರಿದವಳು. ತಂಗಿ ಫ್ಲಾವಿ ಇನ್ನೂ ಮೊಲೆಹಾಲು ಕುಡಿಯುತ್ತಿದ್ದಾಗ ಅಮ್ಮನನ್ನು ಇಳಿಸಿದರು.

ತೆನೆಹಬ್ಬದ ಪದ್ಧತಿ ನಿಮಗೂ ಗೊತ್ತಿರಬಹುದು. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಕಲಸಿ ಮನೆಯವರೆಲ್ಲ ಒಂದೊಂದು ಚಮಚ ತಿನ್ನಬೇಕು. ದೂರದಲ್ಲಿರುವವರಿಗೆ ಕಾಳು ಕಳಿಸಬೇಕು. ಅಪ್ಪನ ತಾಯಿ, ನಮ್ಮ ಅಜ್ಜಿ ಕ್ಲೆಮೆಂಟಿನ್, ಇದನ್ನು ಇನ್ನೂ ಬಿಗಿ ಮಾಡಿದ್ದಳು. ದೂರದವರ ಬಾಯಿಗೆ ಬೀಳುವ ತನಕ ನಾವೂ ತಿನ್ನುವಂತಿಲ್ಲ. ಆದರೆ ಜೀವವಿರುವ ಬೀಜ ನೀರುಗೆರೆ ದಾಟುವಂತಿಲ್ಲ ಎಂಬ ನಿಯಮವಿದೆ. ಪ್ರತಿ ವರ್ಷ ಅಮ್ಮನಿಗೆ ಕಳಿಸಿದ ಕಾಳು ವಾಪಸು ಬರುತ್ತಿತ್ತು. ನಮ್ಮ ಮನೆಯಲ್ಲಿ ಹಬ್ಬ ಮುಗಿಯುತ್ತಲೇ ಇರಲಿಲ್ಲ. ಹೊಸ ಅಕ್ಕಿ ಮಡಕೆಯಲ್ಲೇ ಹಳತಾಗುತ್ತಿತ್ತು.

ಈ ವರ್ಷ ಫಾದರ್ ಅಂಬ್ರೋಸ್, ಮರಿಯಮ್ಮನವರ ಪ್ರತಿಮೆ ಹೊತ್ತು ನೀರುಗೆರೆಗೇ ಹೋಗಿ ಹಬ್ಬ ಮಾಡೋಣ ಎಂದರು. ವಾಳೆಯ ಗುರ್ಕಾರರಾದ ಪಾಸ್ಕಲ್, ಎಂದರೆ ನಮ್ಮ ಕೇರಿಯ ಮನೆಗಳ ಮುಂದಾಳು, ಒಪ್ಪಲಿಲ್ಲ. “ಸರ್ಕಾರದ ಕಾನೂನಿಗೆ ತಲೆಬಾಗೋದೂ ಧರ್ಮವೇ ಫಾದರ್. ಬೇಲಿ ಇಲ್ಲದಿದ್ರೆ ಈ ಗುಂಡಿಯಲ್ಲಿ ಎಷ್ಟು ಜನ ಉಣ್ಣೋಕಾಗುತ್ತೆ?” ಅವರು ಕೆಟ್ಟವರಲ್ಲ. ಅಜ್ಜಿ ಮಾತ್ರ ಬಿಡಲಿಲ್ಲ. “ಕೂಸನ್ನೆತ್ತಿಕೊಂಡು ಈಜಿಪ್ಟಿಗೆ ಓಡುವಾಗ ಜೋಸೆಫಪ್ಪ ಯಾವ ಗುರ್ಕಾರನ ಅಪ್ಪಣೆ ಕೇಳಿದ್ದ ಪಾಸ್ಕಲಾ?” ಜನ ನಕ್ಕರು. ಪಾಸ್ಕಲ್ ನಗಲಿಲ್ಲ, ಆದರೆ ಹೊರಟರು. ಪ್ರತಿಮೆಯ ಪಲ್ಲಕ್ಕಿಗೆ ಮೊದಲು ಹೆಗಲು ಕೊಟ್ಟವರೂ ಅವರೇ.

ವಾರದ ದಾರಿ ನಡೆದು ಬೇಲಿ ಮುಟ್ಟಿದೆವು. ಆಚೆ ದೋಣಿಗಳು ಕಣ್ಣು ಹಾಯುವಷ್ಟು ದೂರ ಒತ್ತಿಕೊಂಡು ನಿಂತಿದ್ದವು. ಮರಿಯಮ್ಮನವರನ್ನು ಕಂಡದ್ದೇ ಅಲ್ಲಿನ ಮಕ್ಕಳು ಹೂ ಎಸೆಯತೊಡಗಿದವು. ನೀರಿನ ಮೇಲೆ ಹೂ ಎಲ್ಲಿ ಬೆಳೆದರೋ! ಅಜ್ಜಿ ಕಾಳಿನ ಗಂಟನ್ನು ಕಂಬಿಗಳ ನಡುವೆ ತೂರಿಸಲು ಹೋದಾಗ ಕಾವಲಿನ ಹುಡುಗಿ ಕೋಲು ಅಡ್ಡ ಹಿಡಿದಳು. ಆಮೇಲೆ ಅತ್ತಿತ್ತ ನೋಡಿ, “ಅಜ್ಜಿ, ತಡೆ ಇರೋದು ಬೀಜಕ್ಕೆ. ಹಿಟ್ಟಿಗೆ ಯಾರು ತಡೆ ಹಾಕಿದಾರೆ?” ಎಂದಳು.

ಇಷ್ಟು ವರ್ಷ ಇದು ನಮಗೆ ಹೊಳೆದಿರಲಿಲ್ಲ. ದೂರದವರಿಗೆ ಇಡೀ ಕಾಳನ್ನೇ ಕಳಿಸಬೇಕು, ಅರೆಯುವುದು ಅವರ ಒಲೆಯ ಬಳಿಯೇ ಆಗಬೇಕು ಎಂಬ ಪದ್ಧತಿಗೇ ಜೋತುಬಿದ್ದಿದ್ದೆವು. ಅಜ್ಜಿ ಅಲ್ಲೇ ಕೂತಳು. ದಾರಿಯ ಚಪ್ಪಡಿ ಕಲ್ಲಿನ ಮೇಲೆ ಗುಂಡುಕಲ್ಲಿನಿಂದ ಅರೆಯತೊಡಗಿದಳು. ಪಕ್ಕದವಳು ಕೂತಳು, ಅವಳ ಪಕ್ಕದವಳೂ ಕೂತಳು. ಬೇಲಿಯುದ್ದಕ್ಕೂ ಕಲ್ಲಿಗೆ ಕಲ್ಲು ಉಜ್ಜುವ ಸದ್ದು ಎದ್ದಿತು. ಹಾಡಿಲ್ಲ, ಪ್ರವಚನವಿಲ್ಲ. ನಾನು ದೇವರನ್ನು ಅಷ್ಟಾಗಿ ನಂಬಿದವನಲ್ಲ. ಆದರೆ ಆ ಸದ್ದಿನಲ್ಲಿ ನನಗರಿವಿಲ್ಲದೆ ಚಪ್ಪಲಿ ಕಳಚಿ ನಿಂತಿದ್ದೆ.

ಅಮ್ಮನಿಗೆ ಉಣಿಸಲು ಅಜ್ಜಿ ಹಿಟ್ಟು ಕಲಸಿ ಫ್ಲಾವಿಯ ಕೈಗೆ ಚಮಚ ಕೊಟ್ಟಳು. ಫ್ಲಾವಿಗೆ ಅಮ್ಮನ ಮುಖ ಗೊತ್ತಿರಲಿಲ್ಲ. ಕಂಬಿಯಾಚೆ ಸಾಲಾಗಿ ನಿಂತ ಹೆಂಗಸರಲ್ಲಿ ಹತ್ತಿರವಿದ್ದವಳ ಬಾಯಿಗೆ ಅದನ್ನಿಟ್ಟುಬಿಟ್ಟಳು. ಆ ಹೆಂಗಸು ನುಂಗಿ ಬಿಕ್ಕಿದಳು. ಅದೇ ಸಾಲಿನಲ್ಲಿ ಆಚೆಗೆ ನಿಂತಿದ್ದ ಅಮ್ಮ, “ಬೈದು ಅಳಿಸಬೇಡಿ ಕೂಸನ್ನ, ಈಕೆಯ ಮಗಳೂ ಮೇಲೇ ಇದಾಳೆ” ಎಂದು ನಗಲು ಹೋದಳು. ಆಗಲಿಲ್ಲ. ಗಂಟಿನಲ್ಲಿ ಅಮ್ಮನೊಬ್ಬಳಿಗೆ ಆಗುವಷ್ಟೇ ಕಾಳಿತ್ತು, ನಮ್ಮ ಹಿಟ್ಟು ಮುಗಿದಿತ್ತು.

ಆಗ ಪಾಸ್ಕಲ್ ಬಂದರು. ಆಚೆ ಅವರಿಗೆ ಯಾರೂ ಇರಲಿಲ್ಲ. ತಮ್ಮ ಪಾಲಿನ ಚಮಚವನ್ನು ಕಂಬಿಗಳ ನಡುವೆ ಚಾಚಿ, “ಬಾಯಿ ತೆಗಿ ಮಗಳೇ” ಎಂದರು. ಅಮ್ಮ ತಿಂದಳು. ಮರಳುವಾಗ ದಾರಿಯಲ್ಲಿ ಅವರು ನನಗೆ ಹೇಳಿದರು, “ಕಾನೂನು ಬೇಕು ಅಂತ ಈಗಲೂ ಹೇಳ್ತೇನೆ ಬೊನ್ನು. ಆದ್ರೆ ಇದು ಕಾನೂನಲ್ಲ.”

ಅಮ್ಮ ಮನೆಗೆ ಬರಲಿಲ್ಲ. ಬೇಲಿ ಬೀಳಲಿಲ್ಲ. ಸುಳ್ಳು ಬರೆದರೆ ನಿಮಗೆ ಸಂತೋಷವಾದೀತು, ನನ್ನ ಕೈಲಾಗದು. ನಿಮ್ಮಲ್ಲಿ ಒಂದೇ ಕೇಳಿಕೆ. ನಿಮ್ಮ ಕಾಲದಲ್ಲಿ ನೀರುಗೆರೆಗೆ ಇನ್ನೂ ಒಂದು ಕಂಬವೂ ನೆಟ್ಟಿಲ್ಲ. ನೆಡುವ ಮಾತು ಬಂದ ದಿನ, ಅಲ್ಲೊಂದು ಬಾಗಿಲಿಡಿ ಎಂದು ಜಗಳವಾಡಿ. ಮಗುವೊಂದು ತನ್ನ ತಾಯಿಯ ಬಳಿಗೆ ನಡೆದು ಹೋಗುವಷ್ಟು ಅಗಲದ್ದು ಸಾಕು.

ನಿನ್ನೆ ಮನೆ ಸೇರಿದೆವು. ಅಜ್ಜಿ ಮಡಕೆ ಇಳಿಸಿದಳು. ಅಮ್ಮ ಹೋದ ಮೇಲೆ ಮೊದಲ ಸಲ ನಾವು ಹೊಸ ಅಕ್ಕಿ ತಿಂದೆವು.

ನಿಮ್ಮ ಮೊಮ್ಮಕ್ಕಳ ಮೊಮ್ಮಗ,
ಬೊನವೆಂಚರ್