ರೋಸೆನಾರ್ಟ್ ಎಂಬ ಹೆಸರನ್ನು ಹಿಂದಿರುಗಿಸಿ

ಕೌಂಟಿಯ ರಸ್ತೆ ನಾಮಕರಣ ಅಧಿಕಾರಿಗಳಿಗೆ,

ಮಾನ್ಯರೇ, ರೋಸೆನಾರ್ಟ್ ಎಂಬ ಹಳ್ಳಿಯಿಂದ ಅದರ ಹೆಸರನ್ನು ಕಿತ್ತು, ಪಕ್ಕದ ಹೊಲದಲ್ಲಿ ಏಳುತ್ತಿರುವ ಹೊಸ ಬಡಾವಣೆಗೆ ಕೊಟ್ಟಿದ್ದೀರಿ. ಒಂದೇ ಹೆಸರು ಎರಡು ಕಡೆ ಇದ್ದರೆ ಆಂಬುಲೆನ್ಸ್ ದಾರಿ ತಪ್ಪುತ್ತದೆ ಎಂಬುದು ನಿಮ್ಮ ಕಾರಣ. ಒಪ್ಪಿದೆ. ಆದರೆ ಇನ್ನೂ ಬಾಗಿಲು ಕೂರಿಸದ ಮನೆಗಳಿಗೆ ಹೆಸರು ಸಿಕ್ಕಿ, ಜನ ಬದುಕುತ್ತಿರುವ ಹಳ್ಳಿ ‘ಫಾರ್ಮ್ ರೋಡ್ ಬಿ’ ಆದದ್ದು ಹೇಗೆ? ಆಂಬುಲೆನ್ಸಿಗೂ ಬಿಲ್ಡರ್ ಮೇಲೆ ಅಷ್ಟು ಪ್ರೀತಿಯೇ?

ಇಂಗ್ಲಿಷಿನಲ್ಲಿ ಕೇಳಿದೆ, ನೀವು ಉತ್ತರಿಸಲಿಲ್ಲ. ಈಗ ಕನ್ನಡ ಸಂಘದ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ಆ ಮನೆಗಳನ್ನು ಬುಕ್ ಮಾಡಿರುವ ನಮ್ಮವರಾದರೂ ಓದಲಿ. ಅವರಲ್ಲಿ ನನ್ನ ಅಪ್ಪ ಮುರಳೀಧರ ಅವರೂ ಒಬ್ಬರು.

ನಾನು ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವಳು. ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೂವು ತರಲು ವಾರವಾರ ರೋಸೆನಾರ್ಟಿಗೆ ಹೋಗುತ್ತೇನೆ. ಅಲ್ಲಿಯವರು ಮೆನ್ನೊನೈಟರು: ಯುದ್ಧಕ್ಕೆ ಹೋಗದ, ಕೋರ್ಟು ಮೆಟ್ಟಿಲು ಹತ್ತದ ಕ್ರೈಸ್ತರು. ಹೂವು ಬೆಳೆಯುವ ಹೆಲೆನಾ ಆಂಟಿಯ ಹಿರಿಯರು ಪ್ರಷ್ಯದಲ್ಲಿ ಒಂದು ರೋಸೆನಾರ್ಟ್ ಬಿಟ್ಟು ರಷ್ಯದ ಬಯಲಿನಲ್ಲಿ ಇನ್ನೊಂದನ್ನು ಕಟ್ಟಿದರು. ಅಲ್ಲಿಂದ ಕೆನಡಾ, ಆಮೇಲೆ ಇಲ್ಲಿ. ಪ್ರತಿ ಸಲವೂ ಹೊಲ, ಮನೆ, ಗೋರಿಗಳನ್ನು ಬಿಟ್ಟು ಹೆಸರನ್ನು ಮಾತ್ರ ಹೊತ್ತು ತಂದರು.

“ರಷ್ಯದ ದೊರೆ ತ್ಸಾರ್ ನಮ್ಮ ಗಂಡುಮಕ್ಕಳನ್ನು ಸೈನ್ಯಕ್ಕೆ ಕೇಳಿದ. ಹೆಸರನ್ನು ಅವನೂ ಕೇಳಲಿಲ್ಲ,” ಎಂದು ಆಂಟಿ ನಕ್ಕರು.

“ಮತ್ತೆ ನೀವ್ಯಾಕೆ ಆಕ್ಷೇಪಿಸಲಿಲ್ಲ?”

“ನಾವು ಜಗಳ ಆಡುವುದಿಲ್ಲ, ಶ್ರಾವಣಿ.”

ನಿಮ್ಮ ಆದೇಶ ಹೇಳುತ್ತದೆ: ‘ಗ್ರಾಮಸ್ಥರಿಂದ ಆಕ್ಷೇಪಣೆ ಬಂದಿಲ್ಲ.’ ಅವರು ಜಗಳಕ್ಕೆ ನಿಲ್ಲುವವರಲ್ಲ ಎಂದು ಕೌಂಟಿಗೆಲ್ಲ ಗೊತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೇ ಈ ಹಳ್ಳಿಗೆ ಕೈ ಹಾಕಿದಿರೇ?

ಅಪ್ಪನಿಗೂ ಹೇಳಿದೆ.

“ಸ್ಕೂಲ್ ಕಂಪ್ಲೀಟ್ ಮಾಡಕ್ಕಾಗ್ಲಿಲ್ಲ, ಕೌಂಟಿಗೆ ಪಾಠ ಹೇಳ್ತಾಳಂತೆ! ಹೆಸರು ಚೆನ್ನಾಗಿದೆ ಅಂತಾನೇ ಕಣೇ ಅಲ್ಲಿ ಬುಕ್ ಮಾಡಿದ್ದು.”

“ಮೈಸೂರಲ್ಲಿ ನಮ್ಮ ಬೀದಿ ಬೋರ್ಡ್ ಕಿತ್ತು ಬೇರೆಯವ್ರಿಗೆ ಕೊಟ್ಟಿದ್ರೆ ನೀವು ಸುಮ್ನಿರ್ತಿದ್ರಾ?”

ಅಮ್ಮ ಟಿ.ವಿ. ಸದ್ದು ತಗ್ಗಿಸಿದರು. “ಇವ್ರಾ? ಒಂದು ಪಾರ್ಕಿಂಗ್ ಸ್ಪಾಟ್‌ಗೆ ಅಸೋಸಿಯೇಷನ್ ಜೊತೆ ವರ್ಷಗಟ್ಟಲೆ ಗುದ್ದಾಡಿದ್ರು.”

ಅಪ್ಪ ರಿಮೋಟ್ ತೆಗೆದುಕೊಂಡು ಟಿ.ವಿ. ಸದ್ದು ಮತ್ತೆ ಏರಿಸಿದರು. ಈ ಪತ್ರಕ್ಕೆ ಸಹಿ ಹಾಕಿಲ್ಲ. ಹಾಕಿದ್ದಾರೆಂದು ನಾನು ಸುಳ್ಳು ಹೇಳಲಾರೆ.

ಆದ್ದರಿಂದ ಆ ಬಡಾವಣೆಯಲ್ಲಿ ವಾಸಿಸಲಿರುವ ನಾನೇ ಆಕ್ಷೇಪಿಸುತ್ತಿದ್ದೇನೆ. ಜಗಳವಾಡಲು ನನಗೆ ಯಾವ ಧರ್ಮದ ಅಡ್ಡಿಯೂ ಇಲ್ಲ. ರೋಸೆನಾರ್ಟನ್ನು ರೋಸೆನಾರ್ಟಿನವರಿಗೆ ಹಿಂದಿರುಗಿಸಿ. ನಿಮ್ಮ ‘ರೋಡ್ ಬಿ’ಯನ್ನು ನಮಗೆ ಕೊಡಿ. ಎಲ್ಲಿಂದಲೂ ಹೊತ್ತು ತಂದದ್ದಲ್ಲವಲ್ಲ, ನಮಗೆ ಭಾರವಾಗದು.

ಇಂತಿ,
ಹಳ್ಳಿಯವರ ಪಾಲಿನ ಜಗಳವನ್ನೂ ಆಡಬೇಕಾಗಿ ಬಂದ
ಶ್ರಾವಣಿ
ಸದ್ಯಕ್ಕೆ ರೆಸ್ಟನ್, 2005
ಮುಂದಿನ ವಿಳಾಸ, ನೀವು ಮನಸ್ಸು ಮಾಡಿದರೆ: ಫಾರ್ಮ್ ರೋಡ್ ಬಿ