ಕಣಿವೆಯವರಿಗೆ ಕೊಟ್ಟ ಸನ್ನೆಗಳು

ಫೆಬ್ರವರಿ 3, ಬೆಳಿಗ್ಗೆ
ಎಂದಿನಂತೆ ಕಾಫಿ, ಆಮೇಲೆ ಟಿವಿ ಸೀರಿಯಲ್ಲಿಗೆ ಕಟ್ಟಿಕೊಡುತ್ತಿರುವ ಹೊಸ ಭಾಷೆಯ ಕ್ರಿಯಾಪದ. ಇವತ್ತು ಒಂಬತ್ತು ಮುಗಿದವು. ಸೀರಿಯಲ್‌ನ ಕಣಿವೆಯವರು ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ ಮಾತಾಡುವ ಜನ. ನಿಯಮ ನನ್ನದೇ: ನಡೆದದ್ದನ್ನು ಬಾಯಿ ಹೇಳಬೇಕು, ಅದು ಕಂಡದ್ದೋ ಬರೀ ಊಹೆಯೋ ಎಂಬುದನ್ನು ಕೈ ಹೇಳಬೇಕು. ಹೊರೆ ಹಿಡಿದವನ ಮಾತಿಗೆ ಅಲ್ಲಿ ಬೆಲೆಯಿಲ್ಲ.
ನಿರ್ದೇಶಕರಿಗೆ ಫೋನಿನಲ್ಲಿ ವಿವರಿಸಿದೆ. "ನಮ್ಮಲ್ಲಿ ಕೈ ಕೆಸರಾದ್ರೆ ಬಾಯಿ ಮೊಸರು. ನಿಮ್ ಕಣಿವೇಲಿ ಕೈ ಕೆಸರಾದ್ರೆ ಬಾಯಿ ಬಂದ್!" ಎಂದರು. ಚೆನ್ನಾಗಿದೆ. ಮುಂದೆ ಎಲ್ಲಾದರೂ ನನ್ನದೇ ಜೋಕ್ ಎಂದು ಹೇಳಬೇಕು.

ಫೆಬ್ರವರಿ 5
ಬಾಯಿಯ ಪದ ಇನ್ನೂರಾದವು. ಕೈಯವು ಆರೇ. ಬೇಕಾದದ್ದು ನಲವತ್ತು, ಡೆಡ್‌ಲೈನಿಗೆ ಮೂರೇ ದಿನ. ಮಾಡಿದ್ದೆಲ್ಲ ಟ್ರಾಫಿಕ್ ಪೊಲೀಸನ ಹಾಗೆ ಕಾಣುತ್ತದೆ.
ಊಟಕ್ಕೆ ಕೂತಾಗ ಅಕ್ಕ, "ಉಪ್ಪು ಕಮ್ಮಿ ಕಣೇ, ನಿನ್ ಬುದ್ಧಿ ಹಾಗೇ" ಎಂದಳು. ಕೈಯಲ್ಲಿ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳು ಕಿವುಡರ ಶಾಲೆಗೆ ಸೇರುವ ಮೊದಲೇ ನಾವಿಬ್ಬರು ಮಂಚದ ಕೆಳಗೆ ಕೂತು ಕಟ್ಟಿಕೊಂಡ ಸನ್ನೆಗಳು ಇವು. ಅಪ್ಪ ಅಮ್ಮನಿಗೂ ಬರುತ್ತಿರಲಿಲ್ಲ. ಎಷ್ಟು ಸಲೀಸು!
ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನೋಡೋಣ...

ಫೆಬ್ರವರಿ 8
ನಲವತ್ತೂ ಕಳಿಸಿದೆ. ಮೂವತ್ತನಾಲ್ಕು ಮನೆಯವು. ಅಕ್ಕನಿಗೆ ಹೇಳಿಲ್ಲ. ಹೇಳುವಂಥದ್ದೇನಿದೆ — ನನಗೂ ಅದರಲ್ಲಿ ಪಾಲಿದೆಯಲ್ಲ.

ಮಾರ್ಚ್ 19
ಸೆಟ್‌ಗೆ ಹೋಗಿದ್ದೆ. ಥರ್ಮಕೋಲ್ ಬಂಡೆಗಳು, ಎರಡು ದೊಡ್ಡ ಫ್ಯಾನು. ನಾಯಕಿ ಸೆರೆಯಾಳಿನ ಕೊರಳ ಕೆಳಗಿನ ಮೂಳೆಯನ್ನು ಎರಡು ಬೆರಳಿನಿಂದ ತಟ್ಟಿದಳು. ನಮ್ಮಲ್ಲಿ ಅದಕ್ಕೆ, ಇದ್ದೀನಿ, ಹೆದರಬೇಡ ಎಂದು ಅರ್ಥ. ಕರೆಂಟು ಹೋದರೆ ಅಕ್ಕನಿಗೆ ಕೈ ಕಾಣದು, ಹಾಗಾಗಿ ಮುಟ್ಟಿ ಹೇಳುವುದು. ನಾಯಕಿ ತಟ್ಟಿದಳು, ಆಮೇಲೆ ಚಾಕು ಹಾಕಿದಳು.
"ಇದಕ್ಕೆ ಏನರ್ಥ ಬರ್ದಿದ್ರಿ ಮೇಡಂ?" ನಿರ್ದೇಶಕರು ಕೇಳಿದರು.
"ನಂಬು ಅಂತ."
"ಅದೇ! ನಂಬಿಸಿ ಕತ್ತು ಕುಯ್ಯೋದು. ಎಫೆಕ್ಟ್ ನೋಡಿ!"
ಹನ್ನೊಂದು ದೃಶ್ಯದ ಶೂಟಿಂಗ್ ಆಗಲೇ ಹೀಗೇ ಮುಗಿದಿದೆಯಂತೆ. ಎಫೆಕ್ಟ್ ಇತ್ತು. ಬಸ್ ಹಿಡಿದು ಮನೆಗೆ ಬಂದೆ.

ಏಪ್ರಿಲ್ 2, ಸಂಜೆ
ಪ್ರೋಮೊ ಬಿಟ್ಟಿದ್ದಾರೆ. ಹೊಲಿಯಲು ಬಟ್ಟೆ ತಂದ ಗಿರಾಕಿಯೊಬ್ಬಳು ಫೋನಿನಲ್ಲಿ ಅಕ್ಕನಿಗೆ ತೋರಿಸಿದಳಂತೆ. ಅಕ್ಕ ಒಳಗೆ ಬಂದು ಕೇಳಿದಳು.
"ಯಾರು ಕೊಟ್ಟಿದ್ದು?"
"ನಾನೇ."
"ಎಷ್ಟು?"
"ಮೂವತ್ನಾಲ್ಕು."
ಹೋಗಿ ಸೂಜಿಗೆ ದಾರ ಪೋಣಿಸಿದಳು.

ಏಪ್ರಿಲ್ 3
ಊಟ ಆಯಿತೇ ಎಂದು ಅಕ್ಕ ಕೇಳಿದಳು. ಶಾಲೆಯಲ್ಲಿ ಕಲಿತ ಸನ್ನೆಯಲ್ಲಿ. ಹೊರಗಿನವರ ಜೊತೆ ಆಡುವುದು ಅದು. ನನ್ನನ್ನು ಬಹುವಚನದಲ್ಲಿ ಕರೆದ ಹಾಗಾಯಿತು.
ನಮ್ಮದರಲ್ಲೇ ಉತ್ತರ ಕೊಟ್ಟೆ. ನನ್ನ ಕೈಯನ್ನು ಟಿವಿ ನೋಡುವಂತೆ ನೋಡಿದಳು.

ಏಪ್ರಿಲ್ 9
ಇನ್ನೂ ಹಾಗೇ ಇದ್ದಾಳೆ. ನಿರ್ದೇಶಕರಿಗೆ ಫೋನ್ ಮಾಡಿ, ಕೊರಳ ಮೂಳೆ ತಟ್ಟುವ ಆ ಒಂದನ್ನಾದರೂ ತೆಗೆಯಿರಿ ಎಂದೆ.
"ಈಗ್ ತೆಗೀರಿ ಅಂದ್ರೆ ಹೇಗೆ ಮೇಡಂ? ಸಿಕ್ಕಿದವರೆಲ್ಲ ಅದನ್ನೇ ಮಾಡ್ಕೊಂಡು ಓಡಾಡ್ತಿದಾರೆ!"
ನಿಜ. ಬಸ್ ಸ್ಟಾಪಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಒಬ್ಬರ ಮೂಳೆ ಒಬ್ಬರು ತಟ್ಟಿಕೊಂಡು ನಗುತ್ತಿದ್ದರು. ಮನೆಯಲ್ಲಿ ಶಾಲೆಯ ಸನ್ನೆ ಮಾತ್ರ, ನನಗದು ಅರ್ಧಂಬರ್ಧ ಬರುತ್ತದೆ. ಅಕ್ಕ ಏನಾದರೂ ಹೇಳಿದರೆ ಎರಡು ಸಲ ಕೇಳಬೇಕು. ದುಃಖವಾಗಿದೆ. ಬೇರೆ ಮಾತು ಹುಡುಕುವುದಿಲ್ಲ.

ಏಪ್ರಿಲ್ 16, ಮಧ್ಯಾಹ್ನ
ಕ್ಷಮೆ ಕೇಳಬೇಕು. ತಪ್ಪಾಯಿತು ಎನ್ನಲು ನಮ್ಮದೊಂದು ಸನ್ನೆ ಇತ್ತು. ಸೀರಿಯಲ್ಲಿಗೆ ಕಳಿಸಿದ ಪಟ್ಟಿ ತೆಗೆದು ನೋಡಿದೆ. ಅದೂ ಹೋಗಿದೆ, ಹದಿನೇಳನೆಯದು. ಶಾಲೆಯದು ಗೊತ್ತು, ಆದರೆ ಅದು ಯಾರದೋ ಕಾಲು ತುಳಿದಾಗ ಸಾಕು.
ಹೊಸದನ್ನೇ ಕಟ್ಟಬೇಕು. ಇನ್ನೂರು ಪದ ಕಟ್ಟಿದವಳಿಗೆ ಬೆಳಗಿನಿಂದ ಒಂದೂ ಹೊಳೆದಿಲ್ಲ.

ಅದೇ ದಿನ, 5 ಗಂಟೆ
ಹೋಗಿ ಅಕ್ಕನ ಹೊಲಿಗೆ ಮೆಷಿನ್ ಎದುರು ನಿಂತೆ. ಕೈ ಎತ್ತಿದೆ. ಏನೂ ಬರಲಿಲ್ಲ. ಗಾಳಿಯಲ್ಲಿ ಹಾಗೇ ನಿಂತಿತು, ಪೆದ್ದುಪೆದ್ದಾಗಿ.
ಅಕ್ಕ ಕತ್ತರಿ ಕೆಳಗಿಟ್ಟು ಏನೋ ಸನ್ನೆ ಮಾಡಿದಳು. ಶಾಲೆಯದಲ್ಲ. ನಮ್ಮ ಹಳೆಯದೂ ಅಲ್ಲ. ಅರ್ಥವಾಗಲಿಲ್ಲ ಎಂದು ತಲೆಯಾಡಿಸಿದೆ. ನನ್ನ ಕೈಯನ್ನೇ ಹಿಡಿದು, ನಿಧಾನವಾಗಿ, ನಾಲ್ಕು ಸಲ ಮಾಡಿಸಿದಳು. ನಾಲ್ಕನೆಯ ಸಲಕ್ಕೆ ಅರ್ಥವಾಯಿತು. ಇಬ್ಬರೂ ಅತ್ತೆವು.
ಮಾಡುವುದು ಹೀಗೆ: ಹೆಬ್ಬೆರಳನ್ನು ಒಳಗೆ ಮಡಿಸಿ, ಅಂಗೈಯನ್ನು — ಬೇಡ, ಇದನ್ನು ಎಲ್ಲೂ ಬರೆಯುವುದಿಲ್ಲ.